ಐಡಿ ಬ್ಲಾಕ್ ಆಗುವ ಮೊದಲು ಮತ್ತು ಆದ ಮೇಲೆ: ಕಾಸರಗೋಡಿನ ಆ್ಯಪ್ ಕೆಲಸಗಾರರಿಗೆ ಒಂದು ಮಾರ್ಗದರ್ಶಿ

ಕುಂಬಳೆ, ಉಪ್ಪಳ, ಬದಿಯಡ್ಕ, ಚೆರ್ಕಳ ಕಡೆಗಳಲ್ಲಿ ಊಟ, ದಿನಸಿ, ಪಾರ್ಸೆಲ್ ತಲುಪಿಸುವ ಯುವಕರಿಂದಲೂ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ದುಡಿಯುವವರಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ನಿನ್ನೆ ರಾತ್ರಿಯವರೆಗೆ ಓಡುತ್ತಿದ್ದ ಐಡಿ ಇವತ್ತು ಬೆಳಗ್ಗೆ ಬ್ಲಾಕ್ ಆಗಿದೆ, ಇನ್ನೇನು ಮಾಡುವುದು?" ಐಡಿ ಎಂದರೆ ಕಂಪನಿಯ ಆ್ಯಪ್‌ನಲ್ಲಿ ಕೆಲಸಗಾರನ ಹೆಸರಿನಲ್ಲಿರುವ ಖಾತೆ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು, ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಒಟ್ಟಾಗಿ ಬರೆದಿದ್ದೇನೆ.

ಹಂತಗಳಿಗೆ ಹೋಗುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಿ. ನೀವು ಎಷ್ಟು ದಿನ ದುಡಿದಿರಿ, ಎಷ್ಟು ಆರ್ಡರ್ ಮುಗಿಸಿದಿರಿ, ಎಷ್ಟು ಹಣ ಬರಬೇಕು ಎಂಬ ಎಲ್ಲ ದಾಖಲೆಯೂ ಆ್ಯಪ್‌ನ ಒಳಗಿರುತ್ತದೆ. ಐಡಿ ಮುಚ್ಚಿದ ಕ್ಷಣವೇ ಆ ದಾಖಲೆಯೂ ನಿಮ್ಮ ಕೈತಪ್ಪುತ್ತದೆ. ಆದುದರಿಂದ ಈ ಬರಹದ ದೊಡ್ಡ ಪಾಲು ಐಡಿ ಚೆನ್ನಾಗಿ ಓಡುತ್ತಿರುವಾಗಲೇ ಮಾಡಿಡಬೇಕಾದ ಕೆಲಸಗಳ ಕುರಿತಾಗಿದೆ.

ಕೆಲವು ಪದಗಳ ಅರ್ಥ ಹೀಗಿದೆ. ತಿಂಗಳ ಸಂಬಳವಿಲ್ಲದೆ, ಮಾಡಿದ ಒಂದೊಂದು ಕೆಲಸಕ್ಕೆ ಹಣ ಪಡೆಯುವ ದುಡಿಮೆಯೇ ಗಿಗ್ ಕೆಲಸ. ಗ್ರಾಹಕರನ್ನೂ ಕೆಲಸಗಾರರನ್ನೂ ಆ್ಯಪ್ ಮೂಲಕ ಜೋಡಿಸುವ ಕಂಪನಿಯನ್ನು ಕಾನೂನು ಅಗ್ರಿಗೇಟರ್ ಎಂದು ಕರೆಯುತ್ತದೆ. ಪೇಔಟ್ ಎಂದರೆ ನಿಮ್ಮ ಖಾತೆಗೆ ಬೀಳುವ ಹಣ. ಇನ್ಸೆಂಟಿವ್ ಎಂದರೆ ಗುರಿ ತಲುಪಿದಾಗ ಕೊಡುವ ಹೆಚ್ಚುವರಿ ಹಣ. ಒಪ್ಪಂದದಲ್ಲಿ ನಿಮ್ಮನ್ನು ನೌಕರ ಎಂದಲ್ಲ, 'ಪಾಲುದಾರ' ಎಂದು ಬರೆದಿರುತ್ತಾರೆ. ಭವಿಷ್ಯ ನಿಧಿ, ಇಎಸ್‌ಐ (ನೌಕರರ ರಾಜ್ಯ ವಿಮೆ), ಗ್ರಾಚ್ಯುಟಿ ಮತ್ತು ಕೆಲಸದಿಂದ ತೆಗೆಯುವಾಗ ನೌಕರರಿಗೆ ಸಿಗುವ ರಕ್ಷಣೆ ನಿಮಗೆ ಸಿಗದಿರುವುದಕ್ಕೆ ಈ ಒಂದು ಪದವೇ ಕಾರಣ. 2020-21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರಿದ್ದರೆಂದೂ 2029-30ರ ಹೊತ್ತಿಗೆ ಈ ಸಂಖ್ಯೆ 2.35 ಕೋಟಿಗೆ ಏರಬಹುದೆಂದೂ ನೀತಿ ಆಯೋಗ 2022ರ ವರದಿಯಲ್ಲಿ ಅಂದಾಜಿಸಿತ್ತು. ಇಷ್ಟು ಜನ ನಿಂತಿರುವ ನೆಲ ಇಷ್ಟು ಸಡಿಲವಾಗಿರುವುದು ನ್ಯಾಯವಲ್ಲ ಎಂಬುದೇ ನನ್ನ ನಿಲುವು. ಆದರೆ ಕಾನೂನು ಬದಲಾಗುವ ತನಕ ಕೈಕಟ್ಟಿ ಕೂರಲಾಗುವುದಿಲ್ಲ. ಈಗಿರುವ ಕಾನೂನಿನೊಳಗೆ ಸಾಧ್ಯವಿರುವುದನ್ನು ಮಾಡಿಕೊಳ್ಳಲೇಬೇಕು.

1. ನಿಮ್ಮ ಕೆಲಸ ಯಾವ ರಾಜ್ಯದಲ್ಲಿ ನಡೆಯುತ್ತದೆ ಎಂಬುದನ್ನು ಗುರುತಿಸಿ

ಗಡಿನಾಡಿನವರಾದ ನಾವು ಮೊದಲು ಬಗೆಹರಿಸಿಕೊಳ್ಳಬೇಕಾದ ವಿಷಯ ಇದು. ಮನೆ ಮಂಜೇಶ್ವರದಲ್ಲಿದ್ದು ಕೆಲಸದ ವಲಯ ಮಂಗಳೂರಿನಲ್ಲಿದ್ದರೆ, ನಿಮ್ಮ ಕೆಲಸದ ತಕರಾರಿಗೆ ಕರ್ನಾಟಕದ ಕಾನೂನಿನ ಆಧಾರ ಹುಡುಕಬೇಕು. ಪಡಿತರ ಚೀಟಿ ಕೇರಳದ್ದೇ ಎಂಬುದು ಅಲ್ಲಿ ಮುಖ್ಯವಲ್ಲ. ವೇದಿಕೆ ಆಧಾರಿತ ಗಿಗ್ ಕೆಲಸಗಾರರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕಾಗಿ ಕರ್ನಾಟಕವು 2025ರಲ್ಲಿ ಮೊದಲು ಸುಗ್ರೀವಾಜ್ಞೆ ಹೊರಡಿಸಿ, ಬಳಿಕ ಕಾಯ್ದೆ ಮಾಡಿತು. ಅದರ ಪ್ರಕಾರ ಒಪ್ಪಂದವು ಸರಳ ಭಾಷೆಯಲ್ಲಿರಬೇಕು. ಕಾಯ್ದೆಯಲ್ಲೇ ಹೇಳಿರುವ ವಿನಾಯಿತಿಗಳನ್ನು ಬಿಟ್ಟರೆ, ಕೆಲಸಗಾರನನ್ನು ತೆಗೆಯುವ ಮುನ್ನ ಕಾರಣವನ್ನು ಬರಹದಲ್ಲಿ ತಿಳಿಸಿ 14 ದಿನಗಳ ಮುಂಗಡ ಸೂಚನೆ ಕೊಡಬೇಕು. ದೂರು ಕೇಳಲು ಆಂತರಿಕ ವಿವಾದ ಪರಿಹಾರ ಸಮಿತಿ ಇರಬೇಕು. ಕಲ್ಯಾಣ ಶುಲ್ಕವನ್ನು ಅಗ್ರಿಗೇಟರ್ ಕಟ್ಟಬೇಕು. ಅದನ್ನು ನಿಮ್ಮ ಪೇಔಟ್‌ನಿಂದ ಮುರಿಯುವಂತಿಲ್ಲ.

ಕೆಲಸ ಕಾಸರಗೋಡು, ಕಾಞಂಗಾಡು, ಕುಂಬಳೆ ವಲಯಗಳಲ್ಲಿದ್ದರೆ ಕರ್ನಾಟಕದ ಆ 14 ದಿನಗಳ ನಿಯಮವನ್ನು ಮುಂದಿಟ್ಟು ವಾದಿಸಿದರೆ ನಿಲ್ಲುವುದಿಲ್ಲ. ಇಲ್ಲಿ ನಿಮಗಿರುವ ಆಧಾರವೆಂದರೆ ಕೇಂದ್ರ ಸರಕಾರದ 2020ರ ಸಾಮಾಜಿಕ ಭದ್ರತಾ ಸಂಹಿತೆ. ಅದು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಗಿಗ್ ಕೆಲಸಗಾರ ಎಂಬ ಪದಕ್ಕೆ ಕಾನೂನಿನ ವ್ಯಾಖ್ಯೆ ಕೊಟ್ಟ ಆ ಸಂಹಿತೆ, ಅಗ್ರಿಗೇಟರುಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು ಸಾಮಾಜಿಕ ಭದ್ರತಾ ನಿಧಿಗೆ ಕೊಡಬೇಕೆನ್ನುತ್ತದೆ. ಆ ಮೊತ್ತ ಕೆಲಸಗಾರರಿಗೆ ಕೊಡುವ ಹಣದ ಶೇ. 5ನ್ನು ಮೀರಬೇಕಾಗಿಲ್ಲ. ಆದರೆ ಇದು ವಿಮೆ, ಆರೋಗ್ಯ, ವೃದ್ಧಾಪ್ಯದಂತಹ ಯೋಜನೆಗಳಿಗೆ ದಾರಿ ಮಾಡುವ ಕಾನೂನು. ಬ್ಲಾಕ್ ಆದ ಐಡಿಯನ್ನು ಮರಳಿ ಕೊಡಿಸುವ ಕಾನೂನಲ್ಲ. ಈ ವ್ಯತ್ಯಾಸ ತಿಳಿಯದೆ ಕಚೇರಿಗೆ ಹೋದವರು ನಿರಾಶರಾಗಿ ಮರಳುತ್ತಾರೆ.

ಎರಡೂ ಕಡೆ ದುಡಿಯುವವರು ಯಾವ ದಿನ ಯಾವ ವಲಯದಲ್ಲಿ ಕೆಲಸ ಮಾಡಿದಿರಿ ಎಂಬುದನ್ನು ಒಂದು ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಬೇಕು.

2. ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ

ನಮ್ಮ ಜಿಲ್ಲೆಯಲ್ಲಿ ಈ ತೊಂದರೆ ವಿಶೇಷವಾಗಿ ಹೆಚ್ಚು. ಶಾಲೆಯ ದಾಖಲೆಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಪಂಚಾಯತಿನ ದಾಖಲೆಯಲ್ಲಿ ಮಲಯಾಳದಿಂದ ಇಂಗ್ಲಿಷಿಗೆ ಹೋದ ಹೆಸರುಗಳು ಎರಡು ಬಗೆಯ ಅಕ್ಷರಗಳಲ್ಲಿ ಉಳಿದುಕೊಂಡಿರುತ್ತವೆ. ಒಂದರಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ, ಮತ್ತೊಂದರಲ್ಲಿ ಮನೆತನದ ಹೆಸರು ಪೂರ್ತಿಯಾಗಿ. ಕೆಲಸಕ್ಕೆ ಸೇರುವಾಗ ಇದನ್ನು ಯಾರೂ ಗಮನಿಸದೆ ಹೋಗಬಹುದು. ಆದರೆ ಮುಂದೆಂದೋ ಮರುಪರಿಶೀಲನೆ ನಡೆದಾಗ ಆಧಾರ್, ಪ್ಯಾನ್, ಚಾಲನಾ ಪರವಾನಗಿ, ಬ್ಯಾಂಕ್ ಪಾಸ್‌ಬುಕ್ ಹೊಂದಿಕೆಯಾಗದೆ ಐಡಿ ನಿಲ್ಲುತ್ತದೆ. ಪೇಔಟ್ ತಡೆಯಾಗುವುದಕ್ಕೂ ಇದು ಕಾರಣವಾಗಬಹುದು. ಈ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ. ತಿದ್ದುಪಡಿಗೆ ಹತ್ತಿರದ ಅಕ್ಷಯ ಕೇಂದ್ರಕ್ಕೆ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಹೋಗಿ. ಮೊದಲು ಆಧಾರ್ ಸರಿಪಡಿಸಿ, ಬಳಿಕ ಉಳಿದವನ್ನು ಅದಕ್ಕೆ ಹೊಂದಿಸಿ.

ಪರವಾನಗಿ, ವಾಹನ ವಿಮೆ, ಹೊಗೆ ತಪಾಸಣಾ ಪತ್ರ ಇವುಗಳ ಅವಧಿ ಮುಗಿಯುವ ದಿನಾಂಕವನ್ನೂ ಬರೆದಿಡಿ. ಅವಧಿ ಮೀರಿದ ಕಾಗದದಿಂದಾಗಿ ಕೆಲಸ ನಿಲ್ಲುವುದು ತೀರಾ ಸಾಮಾನ್ಯ, ಮತ್ತು ಇದನ್ನು ಪೂರ್ತಿಯಾಗಿ ತಪ್ಪಿಸಬಹುದು.

3. ದುಡಿಮೆಯ ದಾಖಲೆಯನ್ನು ಆ್ಯಪ್‌ನಿಂದ ಹೊರಗೆ ತನ್ನಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಪಾಲಿಸಲು ಸಾಧ್ಯವಿದ್ದರೆ ಇದನ್ನು ಪಾಲಿಸಿ. ಪ್ರತಿ ವಾರ, ಪೇಔಟ್ ಬಿದ್ದ ದಿನ, ಹತ್ತು ನಿಮಿಷ ಕುಳಿತು ಇವುಗಳನ್ನು ಉಳಿಸಿ: ವಾರದ ಗಳಿಕೆಯ ವಿವರ, ಮುಗಿಸಿದ ಆರ್ಡರುಗಳ ಸಂಖ್ಯೆ, ರೇಟಿಂಗ್ ಮತ್ತು ಹೆಸರು ಕಾಣುವ ಪುಟ, ಇನ್ಸೆಂಟಿವ್‌ನ ಷರತ್ತುಗಳು, ದಂಡ ಅಥವಾ ಕಡಿತ ಮಾಡಿದ್ದರೆ ಅದರ ಕಾರಣ. ಇನ್ಸೆಂಟಿವ್‌ನ ಷರತ್ತನ್ನು ವಾರದ ಆರಂಭದಲ್ಲೇ ತೆಗೆದಿಡಬೇಕು. ವಾರ ಕಳೆದ ಮೇಲೆ ಆ ಪುಟ ಕಾಣದೆ ಹೋದರೆ ಏನು ಮಾತು ಕೊಟ್ಟಿದ್ದರು ಎಂಬುದನ್ನು ತೋರಿಸಲು ನಿಮ್ಮಲ್ಲಿ ಏನೂ ಇರುವುದಿಲ್ಲ. ಸೇರುವಾಗ ಒಪ್ಪಿಕೊಂಡ ನಿಯಮಗಳ ಪ್ರತಿಯನ್ನೂ, ನಿಯಮ ಬದಲಾದಾಗ ಬರುವ ಹೊಸ ಪ್ರತಿಯನ್ನೂ ಉಳಿಸಿ.

ಸ್ಕ್ರೀನ್‌ಶಾಟ್ ತೆಗೆಯುವಾಗ ದಿನಾಂಕ, ಸಮಯ ಮತ್ತು ಐಡಿ ಸಂಖ್ಯೆ ಕಾಣುವಂತೆ ನೋಡಿಕೊಳ್ಳಿ. ತೆಗೆದದ್ದನ್ನು ಫೋನಿನಲ್ಲಷ್ಟೇ ಇಟ್ಟರೆ ಸಾಲದು. ನಿಮ್ಮ ಇಮೇಲಿಗೆ ನೀವೇ ಕಳುಹಿಸಿಕೊಳ್ಳಿ. ಮಳೆಗಾಲದಲ್ಲಿ ಫೋನ್ ನೀರಿಗೆ ಸಿಕ್ಕಿ ಎಲ್ಲವನ್ನೂ ಕಳೆದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ವಿವಾದ ಆರಂಭವಾಗಿದ್ದರೆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ, ಸ್ಕ್ರೀನ್‌ಶಾಟ್‌ಗಳನ್ನು ಕತ್ತರಿಸಿ ತಿದ್ದಬೇಡಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಫೋನಿನಿಂದ ತೆಗೆದ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಅದರೊಂದಿಗೆ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನ್ ಕೈಯಲ್ಲಿದ್ದರೆ ಅದು ಸುಲಭ.

ಪೇಔಟ್‌ಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ಇದ್ದರೆ ಲೆಕ್ಕ ತೋರಿಸುವುದು ಹಗುರವಾಗುತ್ತದೆ. ಟಿಡಿಎಸ್, ಅಂದರೆ ಹಣ ಕೊಡುವವರು ಮೊದಲೇ ಮುರಿದು ಸರಕಾರಕ್ಕೆ ಕಟ್ಟುವ ತೆರಿಗೆ, ನಿಮ್ಮ ಪೇಔಟ್‌ನಿಂದ ಹೋಗುತ್ತಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಪ್ಯಾನ್ ಸಂಖ್ಯೆಯ ಮೂಲಕ ನೋಡಬಹುದು. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದಿದ್ದರೆ ಆ ಹಣ ನಿಮ್ಮದೇ. ಆದರೆ ವರ್ಷದ ರಿಟರ್ನ್ ಸಲ್ಲಿಸದೆ ಅದು ಮರಳಿ ಬರುವುದಿಲ್ಲ.

4. ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಳ್ಳಿ, ಮೊದಲೇ ನೋಂದಾಯಿಸಿದ್ದರೆ ತಿದ್ದಿ

ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ದಾಖಲೆಯಾದ ಇ-ಶ್ರಮ್ ಪೋರ್ಟಲ್ 2021ರ ಆಗಸ್ಟ್ 26ರಂದು ಆರಂಭವಾಯಿತು. ಆ್ಯಪ್ ಕೆಲಸಗಾರರನ್ನು ಇದರಲ್ಲಿ ಸೇರಿಸಿ ಗುರುತಿನ ಚೀಟಿ ಮತ್ತು ಆಯುಷ್ಮಾನ್ ಆರೋಗ್ಯ ರಕ್ಷಣೆ ಕೊಡುವುದಾಗಿ 2025ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಲಾಯಿತು. ನೋಂದಣಿಗೆ 16 ವರ್ಷ ತುಂಬಿರಬೇಕು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಮತ್ತು ಬ್ಯಾಂಕ್ ಖಾತೆಯ ವಿವರ ಬೇಕು. ನೋಂದಣಿ ಮುಗಿದಾಗ 12 ಅಂಕಿಗಳ ಯುಎಎನ್ ಸಂಖ್ಯೆ ಸಿಗುತ್ತದೆ. ಸಹಾಯವಾಣಿ 14434.

ಇಲ್ಲಿ ಎರಡು ತಪ್ಪುಗಳು ಮರುಕಳಿಸುತ್ತವೆ. ಆರಂಭದ ದಿನಗಳಲ್ಲಿ ಬೀಡಿ ಕಟ್ಟುವವರು, ಕೃಷಿ ಕೂಲಿಗಳು, ಕಟ್ಟಡ ಕೆಲಸಗಾರರು ಎಂದು ನೋಂದಾಯಿಸಿಕೊಂಡಿದ್ದ ಎಷ್ಟೋ ಮಂದಿ ಈಗ ಡೆಲಿವರಿ ಕೆಲಸದಲ್ಲಿದ್ದಾರೆ, ಆದರೆ ವೃತ್ತಿಯನ್ನು ತಿದ್ದಿಸಿಲ್ಲ. ಪ್ಲಾಟ್‌ಫಾರ್ಮ್ ಕೆಲಸಗಾರ ಎಂದು ದಾಖಲಾಗದೆ ಈ ವರ್ಗಕ್ಕೆಂದೇ ಬರುವ ಯೋಜನೆ ನಿಮ್ಮನ್ನು ತಲುಪುವುದಿಲ್ಲ. ಎರಡನೆಯದಾಗಿ, ಭವಿಷ್ಯ ನಿಧಿಯ ಸಂಖ್ಯೆಗೂ ಯುಎಎನ್ ಎಂದೇ ಹೆಸರಿರುವುದರಿಂದ, ಇ-ಶ್ರಮ್ ಸಂಖ್ಯೆ ಸಿಕ್ಕಿತೆಂದರೆ ಪಿಎಫ್ ಆರಂಭವಾಯಿತೆಂದು ಕೆಲವರು ತಿಳಿಯುತ್ತಾರೆ. ಅವೆರಡಕ್ಕೂ ಸಂಬಂಧವಿಲ್ಲ. ಕೆಲಸ ಹೋದರೆ ಇ-ಶ್ರಮ್‌ನಿಂದ ಪರಿಹಾರ ಧನ ಬರುವುದೂ ಇಲ್ಲ. ನೀವು ಈ ಕೆಲಸ ಮಾಡುವವರು ಎಂಬುದಕ್ಕೆ ಸರಕಾರದ ದಾಖಲೆ ಸಿಗುತ್ತದೆ, ಈಗಿನ ಸ್ಥಿತಿಯಲ್ಲಿ ಅದೂ ದೊಡ್ಡದೇ.

5. ಕೈಯಲ್ಲಿ ಉಳಿಯುವ ಹಣದ ಲೆಕ್ಕ ಮಾಡಿ, ಅದರಿಂದ ಸ್ವಲ್ಪ ಬದಿಗಿಡಿ

ಪೇಔಟ್ ಅನ್ನು ಆದಾಯವೆಂದು ಎಣಿಸುವುದರಿಂದಲೇ ಸಾಲದ ಹೊರೆ ಆರಂಭವಾಗುತ್ತದೆ. ಒಂದು ಉದಾಹರಣೆಯನ್ನು ಲೆಕ್ಕ ಹಾಕೋಣ. ತಿಂಗಳಿಗೆ 22,000 ರೂಪಾಯಿ ಪೇಔಟ್ ಬಂತು ಎಂದಿಟ್ಟುಕೊಳ್ಳಿ. ಪೆಟ್ರೋಲಿಗೆ 6,000, ಆಯಿಲ್, ಟಯರ್, ಬ್ರೇಕ್‌ಗಳಿಗೆ ಸರಾಸರಿ 1,500, ಫೋನ್ ರೀಚಾರ್ಜಿಗೆ 400, ಬೈಕಿನ ಸಾಲದ ಕಂತಿಗೆ 3,500 ಕಳೆದರೆ ಉಳಿಯುವುದು 10,600 ರೂಪಾಯಿ. ಮನೆ ನಡೆಸಬೇಕಾದದ್ದು ಈ ಮೊತ್ತದಲ್ಲಿ. ನಿಮ್ಮದೇ ಅಂಕಿಗಳನ್ನು ಹಾಕಿ ಮೂರು ತಿಂಗಳ ಲೆಕ್ಕ ಬರೆಯಿರಿ. ಅದರಲ್ಲಿ ಇನ್ಸೆಂಟಿವ್ ಎಷ್ಟೆಂಬುದನ್ನು ಬೇರೆಯಾಗಿ ತೋರಿಸಿ. ಇನ್ಸೆಂಟಿವ್ ಯಾವಾಗ ಬೇಕಾದರೂ ಇಳಿಯಬಹುದು. ಅದನ್ನು ನಂಬಿ ಹೊಸ ವಾಹನಕ್ಕೆ ಕಂತು ಕಟ್ಟುವ ನಿರ್ಧಾರ ಮಾಡಬೇಡಿ.

ಕೆಲಸ ಮಾಡಿದ ಪ್ರತಿ ದಿನ 50 ರೂಪಾಯಿಯಂತೆ ತಿಂಗಳಿಗೆ 26 ದಿನ ಬದಿಗಿಟ್ಟರೆ 1,300 ರೂಪಾಯಿ, ವರ್ಷಕ್ಕೆ 15,600 ರೂಪಾಯಿ ಆಗುತ್ತದೆ. ಐಡಿ ನಿಂತಾಗ ಇನ್ನೊಂದು ಕೆಲಸ ಹುಡುಕುವ ತನಕ ಮನೆ ನಡೆಸಲು ಇದು ಆಸರೆ. ಊರಿನ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಅಥವಾ ಅಂಚೆ ಕಚೇರಿಯಲ್ಲಿ ಆವರ್ತಕ ಠೇವಣಿ ತೆರೆಯಿರಿ. ನಮ್ಮ ಕಡೆ ಕುರಿಗೆ, ಅಂದರೆ ಚಿಟ್ ಫಂಡಿಗೆ, ಹಣ ಹಾಕುವ ರೂಢಿ ಗಟ್ಟಿಯಾಗಿದೆ. ನೋಂದಣಿಯಿಲ್ಲದ ಕುರಿಗೆ ಹಾಕಬೇಡಿ, ನೋಂದಣಿ ಇರುವುದಕ್ಕೂ ನಿಮ್ಮ ದುಡಿಮೆ ಏರಿಳಿತದ್ದು ಎಂಬುದನ್ನು ಯೋಚಿಸಿ ಕಂತು ನಿಗದಿ ಮಾಡಿ. ಐದು ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳ ಹತ್ತಿರವೂ ಹೋಗಬೇಡಿ.

ಸಾಧ್ಯವಿದ್ದರೆ ಎರಡು ಕಂಪನಿಗಳಲ್ಲಿ ಐಡಿ ಇಟ್ಟುಕೊಳ್ಳಿ, ಆದರೆ ಅದಕ್ಕೆ ಮೊದಲು ಒಪ್ಪಂದದಲ್ಲಿ ನಿರ್ಬಂಧ ಇದೆಯೇ ಎಂದು ಓದಿ.

6. ವಿಮೆಯಲ್ಲಿ ಇರುವ ತೂತುಗಳನ್ನು ಮುಚ್ಚಿ

ಕೆಲಸ ಹೋಗುವ ಭಯದಷ್ಟೇ ದೊಡ್ಡದು ಬಿದ್ದು ಕೈಕಾಲು ಮುರಿದರೆ ದುಡಿಮೆಯೇ ನಿಲ್ಲುವ ಭಯ. ಬ್ಯಾಂಕ್ ಖಾತೆಯ ಮೂಲಕ ಎರಡು ಯೋಜನೆಗಳಿಗೆ ಸೇರಬಹುದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ, ಅಪಘಾತದ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ. ಪ್ರಧಾನಮಂತ್ರಿ ಜೀವನಜ್ಯೋತಿ ಬಿಮಾ ಯೋಜನೆಗೆ ವರ್ಷಕ್ಕೆ 436 ರೂಪಾಯಿ. 18ರಿಂದ 50 ವರ್ಷದೊಳಗೆ ಸೇರಬೇಕು, ಸಾವು ಯಾವ ಕಾರಣದಿಂದಾದರೂ ಕುಟುಂಬಕ್ಕೆ 2 ಲಕ್ಷ. ಹೊಸದಾಗಿ ಸೇರಿದ ಮೊದಲ 30 ದಿನಗಳಲ್ಲಿ ಅಪಘಾತದ ಸಾವಿಗೆ ಮಾತ್ರ. ಎರಡರ ವರ್ಷವೂ ಜೂನ್ 1ರಿಂದ ಮೇ 31. ಮೇ ಕೊನೆಯಲ್ಲಿ ಖಾತೆಯಲ್ಲಿ 456 ರೂಪಾಯಿ ಇಲ್ಲದೆ ಕಂತು ಹೋಗದಿದ್ದರೆ ರಕ್ಷಣೆ ಸದ್ದಿಲ್ಲದೆ ನಿಲ್ಲುತ್ತದೆ. ಪೇಔಟ್ ಬೇರೆ ಖಾತೆಗೆ ಬದಲಿಸಿದವರಿಗೆ ಇದು ಆಗುವುದು ಹೆಚ್ಚು.

ಇನ್ನೊಂದು ತೂತು ಬೈಕಿನ ವಿಮೆಯಲ್ಲಿದೆ. ಖಾಸಗಿ ಬಳಕೆಯ ವಾಹನದ ವಿಮಾ ಪತ್ರದಲ್ಲಿ ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸುವಂತಿಲ್ಲ ಎಂಬ ಷರತ್ತಿರುತ್ತದೆ. ಡೆಲಿವರಿಯ ವೇಳೆ ಅಪಘಾತವಾದರೆ ಇದನ್ನೇ ತೋರಿಸಿ ವಿಮಾ ಕಂಪನಿ ತಕರಾರು ಮಾಡಬಹುದು. ವಿಮೆ ನವೀಕರಿಸುವಾಗ ಡೆಲಿವರಿ ಮಾಡುತ್ತೇನೆ ಎಂದು ಹೇಳಿ, ಅದಕ್ಕೆ ರಕ್ಷಣೆ ಇದೆಯೇ ಎಂಬ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮಾಲಕ-ಚಾಲಕನ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಸೇರಿದೆಯೇ ಎಂದೂ ನೋಡಿ.

ಅಪಘಾತವಾದಾಗ ಅದೇ ದಿನ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗಲಿ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ಕಾನೂನು ಹೇಳುವ ಅವಧಿ ಆರು ತಿಂಗಳು. ಗಡಿ ದಾಟಿ ದುಡಿಯುವವರಿಗೆ ಇಲ್ಲಿ ಒಂದು ಅನುಕೂಲವಿದೆ: ಅಪಘಾತ ಮಂಗಳೂರಿನಲ್ಲಿ ಆಗಿದ್ದರೂ ಅರ್ಜಿದಾರರು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಪ್ರತಿ ವಿಚಾರಣೆಗೂ ಗಡಿ ದಾಟಬೇಕಾಗಿಲ್ಲ.

7. ಐಡಿ ನಿಂತ ದಿನ

ಮೊದಲು, ಪರದೆಯಲ್ಲಿ ಕಾಣುವ ಸಂದೇಶವನ್ನು ಸಮಯ ಸಹಿತ ಉಳಿಸಿ. ಅದು ತಾತ್ಕಾಲಿಕ ತಡೆಯೋ ಶಾಶ್ವತ ರದ್ದತಿಯೋ ಎಂದು ಓದಿ ತಿಳಿಯಿರಿ. ತಾತ್ಕಾಲಿಕವಾದರೆ ಮುಖ ಗುರುತಿಸುವ ಪರಿಶೀಲನೆ ಅಥವಾ ಅವಧಿ ಮೀರಿದ ದಾಖಲೆಯಂತಹ, ಒಂದೆರಡು ದಿನಗಳಲ್ಲಿ ಸರಿಯಾಗುವ ಕಾರಣ ಇರಬಹುದು. ಗ್ರಾಹಕರಿಂದ ಪಡೆದ ನಗದು ನಿಮ್ಮಲ್ಲಿದ್ದರೆ ಕೂಡಲೇ ರಸೀದಿ ಸಿಗುವ ರೀತಿಯಲ್ಲಿ ಕಟ್ಟಿಬಿಡಿ. ಬರಬೇಕಾದ ಪೇಔಟ್‌ಗೆ ಬದಲಾಗಿ ನಗದನ್ನು ಹಿಡಿದಿಟ್ಟುಕೊಂಡರೆ, ನ್ಯಾಯ ನಿಮ್ಮ ಕಡೆಗಿದ್ದರೂ ಹಣ ದುರುಪಯೋಗದ ಆರೋಪ ನಿಮ್ಮ ಮೇಲೆ ಬರುತ್ತದೆ.

ಅದೇ ದಿನ ಆ್ಯಪ್‌ನ ಸಹಾಯ ವಿಭಾಗದಲ್ಲಿ ದೂರು ಬರೆದು ದೂರಿನ ಸಂಖ್ಯೆ ಪಡೆಯಿರಿ. ಫೋನಿನಲ್ಲಿ ಮಾತಾಡಿದ್ದು, ತಂಡದ ನಾಯಕನಿಗೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸಿದ್ದು ದೂರಿನ ಸ್ಥಾನವನ್ನು ತುಂಬುವುದಿಲ್ಲ.

ಈ ಸಂಕಟದ ಹೊತ್ತಿನಲ್ಲೇ ತಪ್ಪು ದಾರಿಗಳೂ ಎದುರಾಗುತ್ತವೆ. ತಮ್ಮನ ಅಥವಾ ಗೆಳೆಯನ ಹೆಸರಿನ ಐಡಿಯಲ್ಲಿ ಓಡಿಸಬೇಡಿ, ಬಾಡಿಗೆಗೆ ಐಡಿ ತೆಗೆದುಕೊಳ್ಳಬೇಡಿ. ಸಿಕ್ಕಿಬಿದ್ದರೆ ಇಬ್ಬರ ಕೆಲಸವೂ ಹೋಗುತ್ತದೆ, ನಡುವೆ ಅಪಘಾತವಾದರೆ ವಿಮೆಯ ಹಣವೂ ಸಿಗದಂತಾಗಬಹುದು. ಐಡಿ ಅನ್‌ಬ್ಲಾಕ್ ಮಾಡಿಕೊಡುತ್ತೇವೆ ಎಂದು ಹಣ ಅಥವಾ ಒಟಿಪಿ ಕೇಳುವವರು ವಂಚಕರು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

8. ಕಂಪನಿಗೆ ಪತ್ರ

ಒಪ್ಪಂದದಲ್ಲಿ ಅಥವಾ ಕಂಪನಿಯ ಜಾಲತಾಣದಲ್ಲಿ ಕುಂದುಕೊರತೆ ಅಧಿಕಾರಿಯ ಇಮೇಲ್ ವಿಳಾಸವಿದ್ದರೆ ಅದಕ್ಕೆ ಬರೆಯಿರಿ. ಕಂಪನಿಗೆ ಇಂಗ್ಲಿಷಿನ ಪ್ರತಿ ಹೋಗುವುದು ಒಳ್ಳೆಯದು, ವಿಷಯ ಹೀಗಿರಲಿ:

"ನಾನು ಇಂಥವನು, ಐಡಿ ಸಂಖ್ಯೆ ಇಷ್ಟು, ಇಂಥ ತಿಂಗಳಿನಿಂದ ಇಂಥ ವಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಇಂಥ ದಿನ ಇಷ್ಟು ಗಂಟೆಗೆ ನನ್ನ ಐಡಿಯನ್ನು ತಡೆಹಿಡಿಯಲಾಗಿದೆ. ಪರದೆಯಲ್ಲಿ ಕಂಡ ಕಾರಣ ಇದು. ಇದಕ್ಕೆ ಮುನ್ನ ನನಗೆ ಲಿಖಿತ ಸೂಚನೆ ಬಂದಿಲ್ಲ. ದೂರಿನ ಸಂಖ್ಯೆ ಇಷ್ಟು. ತಡೆಗೆ ಕಾರಣವಾದ ಆರ್ಡರ್‌ನ ವಿವರವನ್ನೂ ನನ್ನ ಮೇಲಿನ ದೂರಿನ ಸಾರಾಂಶವನ್ನೂ ಬರಹದಲ್ಲಿ ಕೊಡಬೇಕು. ನನ್ನ ವಿವರಣೆಯನ್ನು ಕೇಳಿ ನಿರ್ಧಾರವನ್ನು ಮರುಪರಿಶೀಲಿಸಬೇಕು. ಇಂಥ ದಿನಾಂಕದವರೆಗಿನ ಬಾಕಿ ಪೇಔಟ್ ಅನ್ನು ಪಾವತಿಸಬೇಕು."

ಸೂಚನೆ ಬಂದಿದ್ದರೆ ಬಂದಿಲ್ಲ ಎಂದು ಬರೆಯಬೇಡಿ. ಒಂದು ಸುಳ್ಳು ಉಳಿದ ಹತ್ತು ಸತ್ಯಗಳ ಬೆಲೆಯನ್ನೂ ಕಳೆಯುತ್ತದೆ. ಕೋಪದ ಮಾತು, ಬೆದರಿಕೆ ಬೇಡ. ಕೆಲಸದ ವಲಯ ಕರ್ನಾಟಕದಲ್ಲಿದ್ದರೆ ಅಲ್ಲಿನ ಕಾಯ್ದೆಯ 14 ದಿನಗಳ ಸೂಚನೆಯ ವಿಷಯವನ್ನು ಸೇರಿಸಿ, ಪತ್ರವನ್ನು ಆಂತರಿಕ ವಿವಾದ ಪರಿಹಾರ ಸಮಿತಿಯ ಮುಂದಿಡಬೇಕೆಂದು ಕೇಳಿ.

9. ಉತ್ತರ ಬಾರದಿದ್ದರೆ ಹೋಗಬೇಕಾದ ಬಾಗಿಲುಗಳು

ಎರಡು ವಾರ ಕಾದು ಮುಂದುವರಿಯಿರಿ. ಕೆಲಸ ಕಾಸರಗೋಡು ಜಿಲ್ಲೆಯಲ್ಲಾದರೆ ಕಾರ್ಮಿಕ ಇಲಾಖೆಯ ಜಿಲ್ಲಾ ಅಧಿಕಾರಿಗೆ ಅರ್ಜಿ ಕೊಡಿ. 'ನೀವು ನೌಕರರಲ್ಲ' ಎಂಬ ಉತ್ತರ ಬರಬಹುದು. ಆಗಲೂ ಅರ್ಜಿ ಸ್ವೀಕರಿಸಿದ ಮೊಹರಿರುವ ಪ್ರತಿಯನ್ನು ಪಡೆಯದೆ ಬರಬೇಡಿ. ಬಾಕಿ ಹಣದ ಬೇಡಿಕೆಯನ್ನೂ ಐಡಿ ಮರಳಿಸುವ ಬೇಡಿಕೆಯನ್ನೂ ಬೇರೆ ಬೇರೆ ಅರ್ಜಿಗಳಲ್ಲಿ ಬರೆಯಿರಿ, ಏಕೆಂದರೆ ದುಡಿದ ಹಣದ ಲೆಕ್ಕದಲ್ಲಿ ವಾದಕ್ಕೆ ಎಡೆ ಕಡಿಮೆ. ಕೆಲಸ ಮಂಗಳೂರಿನಲ್ಲಾದರೆ ಅಲ್ಲಿನ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬೇಕು.

ಭಾಷೆಯ ವಿಷಯದಲ್ಲಿ ಹಿಂಜರಿಯಬೇಡಿ. ಸಂವಿಧಾನದ 350ನೇ ವಿಧಿಯಂತೆ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೂ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಕನ್ನಡದಲ್ಲಿ ಬರೆಯಿರಿ, ಕಡತ ಬೇಗ ಸಾಗಲೆಂದು ಮಲಯಾಳದಲ್ಲಿ ಅರ್ಧ ಪುಟದ ಸಾರಾಂಶವನ್ನು ಜೊತೆಗಿಡಿ. ಅದು ಹಕ್ಕನ್ನು ಬಿಟ್ಟುಕೊಟ್ಟಂತಲ್ಲ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಮತ್ತು ನಿಗದಿತ ಮಿತಿಯೊಳಗಿನ ಆದಾಯದವರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಹೋಗುವಾಗ ಒಪ್ಪಂದದ ಪ್ರತಿ, ಆರು ತಿಂಗಳ ಪೇಔಟ್ ವಿವರ, ಬ್ಯಾಂಕ್ ಸ್ಟೇಟ್‌ಮೆಂಟ್, ತಡೆಯ ಸಂದೇಶ, ದೂರಿನ ಸಂಖ್ಯೆ, ಕಂಪನಿಗೆ ಬರೆದ ಪತ್ರ, ಮೊಹರಿರುವ ಅರ್ಜಿಯ ಪ್ರತಿ ಇವುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ. ವಿವಾದಗಳನ್ನು ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್) ಒಪ್ಪಿಸಬೇಕೆಂಬ ಷರತ್ತು ಒಪ್ಪಂದದಲ್ಲಿದ್ದರೆ ಆ ಪುಟಕ್ಕೆ ಗುರುತು ಹಾಕಿಡಿ. ಮುಂದಿನ ದಾರಿ ಯಾವುದೆಂದು ನಿರ್ಧರಿಸಲು ವಕೀಲರು ಮೊದಲು ಕೇಳುವ ಪುಟ ಅದು.